ಪಕ್ಕದ ಸೀಟಿನ ವಾದ

ಅಂದು ಕಾರು ಓಡಿಸುವ ಸರದಿ ನನ್ನದಾಗಿತ್ತು. ಡಿಸೆಂಬರ್ ತಿಂಗಳ ಒಂದು ಗುರುವಾರ. ಕೆಂಡಲ್ ಪಾರ್ಕ್‌ನ ಮನೆಯ ಮುಂದೆ ನಾನು ಕಾರಿನ ಗಾಜಿಗೆ ಅಂಟಿದ್ದ ಮಂಜನ್ನು ಕೆರೆಯುತ್ತಿದ್ದರೆ, ಭಾವ ಒಳಗೆ ಹೀಟರ್ ಹಾಕಿಕೊಂಡು ಕೂತು, ಕೆರೆಯದೆ ಉಳಿದ ಜಾಗಗಳನ್ನು ಗಾಜಿನ ಆಚೆಯಿಂದ ಬೆರಳಿಟ್ಟು ತೋರಿಸುತ್ತಿದ್ದರು. ಅಕ್ಕ ಬಾಗಿಲಲ್ಲಿ ನಿಂತು, “ನೀವೂ ಇಳಿದು ಒಂದು ಕೈ ಹಾಕಿ” ಎಂದಳು. ಭಾವ ಕಿಟಕಿಯನ್ನು ಚೂರು ಇಳಿಸಿ, “ಪಕ್ಕದ ಸೀಟಿನವನಿಗೆ ಬಾಯಿ ಮಾತ್ರ ಇರೂದು” ಎಂದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ನಾನು ಅವರ ಮನೆಯ ಬೇಸ್‌ಮೆಂಟಿನಲ್ಲಿದ್ದೆ. ನಾವಿಬ್ಬರೂ ಫೋರ್ಟ್ ಲೀಯ ಒಂದು ಸಣ್ಣ ವಿಮಾ ಏಜೆನ್ಸಿಯಲ್ಲಿ ಕೆಲಸ ಮಾಡುತ್ತಿದ್ದೆವು. ಬೇಸ್‌ಬಾಲ್ ಆಟಗಾರ ಗಾಯಗೊಂಡು ಆಡದೆ ಕೂತರೂ ತಂಡ ಅವನಿಗೆ ಕರಾರಿನ ಸಂಬಳವನ್ನು ಪೂರ್ತಿ ಕೊಡಬೇಕು. ಆ ಸಂಬಳದ ಒಂದು ಭಾಗಕ್ಕೆ ತಂಡಗಳು ವಿಮೆ ಮಾಡಿಸುತ್ತವೆ. ಯಾರಿಗೆ ವಿಮೆ ಕೊಡಬಹುದು, ಯಾವ ಷರತ್ತಿನ ಮೇಲೆ ಎಂದು ಫೈಲ್ ಓದಿ ಹೇಳುವುದು ನಮ್ಮ ಕೆಲಸ. ಭಾವ ಊರಿನಲ್ಲಿ ಫಿಸಿಯೋಥೆರಪಿ ಓದಿದವರು. ಭುಜ, ಮೊಣಕೈಗಳ ವಿಷಯ ಅವರದು. ನಾನು ಬಿ.ಕಾಂ. ಮಾಡಿದವನು, ಕರಾರು, ಷರತ್ತು, ಆಟದ ಅಂಕಿಅಂಶ ನನ್ನದು.

ನಮ್ಮಲ್ಲಿ ಒಂದು ರೂಢಿ ಇತ್ತು. ಫೈಲನ್ನು ಕಾರಿಗೆ ತರುವಂತಿಲ್ಲ. ಹಿಂದಿನ ದಿನ ಇಬ್ಬರೂ ಬೇರೆಬೇರೆಯಾಗಿ ಓದಿರಬೇಕು. ಬೆಳಿಗ್ಗೆ ಹೋಗುವಾಗ ಕಾರು ಓಡಿಸುವವನು ವಿಮೆ ಕೊಡಬೇಕು ಎಂದು ವಾದಿಸಬೇಕು, ಪಕ್ಕದಲ್ಲಿ ಕೂತವನು ಬೇಡವೆಂದು ವಾದಿಸಬೇಕು. ನಂಬಿಕೆಗೂ ವಾದಕ್ಕೂ ಸಂಬಂಧವಿಲ್ಲ. ಯಾವ ಸೀಟಿನಲ್ಲಿ ಕೂತಿದ್ದೇವೆ ಎಂಬುದಷ್ಟೇ ಲೆಕ್ಕ. ಟರ್ನ್‌ಪೈಕ್ ಹೆದ್ದಾರಿ ಮುಗಿದು ಟೋಲ್ ದಾಟಿದ ಮೇಲೆ ವಾದ ಬಂದ್. ಆಮೇಲೆ ಆಫೀಸಿನ ಲಿಫ್ಟಿನಲ್ಲಿ ಇಬ್ಬರೂ ತಮ್ಮ ತಮ್ಮ ನಿಜವಾದ ಅಭಿಪ್ರಾಯವನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದೆವು: ಹೌದು, ಇಲ್ಲ. ಕಾಗದ ನೋಡದೆ ನೆನಪಿನಲ್ಲಿ ಉಳಿಯುವುದೇ ಮುಖ್ಯವಾದದ್ದು, ಎದುರು ವಾದ ಕೇಳಿದ ಮೇಲೂ ಉಳಿಯುವುದೇ ಅಭಿಪ್ರಾಯ ಎಂದು ಭಾವ ಹೇಳುತ್ತಿದ್ದರು.

ಅಂದಿನ ಫೈಲ್ ಒಬ್ಬ ಸ್ಟಾರ್ಟಿಂಗ್ ಪಿಚರ್‌ನದು. ಆಟ ಶುರುವಾಗುವಾಗ ಚೆಂಡು ಎಸೆಯಲು ನಿಂತು, ಸಾಧ್ಯವಾದಷ್ಟು ಹೊತ್ತು ಎಸೆಯುವವನು ಅವನು. ಐದು ದಿನಕ್ಕೊಮ್ಮೆ ಮಾತ್ರ ಆಡುತ್ತಾನೆ. ಇವನ ಹಳೆಯ ಕರಾರು ಮುಗಿದಿತ್ತು. ಯಾವ ತಂಡ ಕರೆದರೂ ಹೋಗಬಹುದಾದ ಫ್ರೀ ಏಜೆಂಟ್ ಆಗಿದ್ದ. ಮೂವತ್ತು ದಾಟಿತ್ತು. ಒಂದು ತಂಡ ಅವನಿಗೆ ಭಾರೀ ಮೊತ್ತದ, ಬಹಳ ವರ್ಷಗಳ ಕರಾರು ಕೊಡಲು ಹೊರಟಿತ್ತು. ಬ್ಯಾಂಕುಗಳು ಒಂದರ ಹಿಂದೆ ಒಂದು ಕುಸಿಯುತ್ತಿದ್ದ ಚಳಿಗಾಲ ಅದು. ತಂಡಕ್ಕೆ ಸಾಲ ಕೊಟ್ಟಿದ್ದ ಬ್ಯಾಂಕ್, ವಿಮೆ ಇಲ್ಲದೆ ಈ ಕರಾರಿಗೆ ಸಹಿ ಹಾಕಬೇಡಿ ಎಂದಿತ್ತು.

ರೂಟ್ ಒನ್ ರಸ್ತೆ ದಾಟುವ ಮೊದಲೇ ನಾನು ಶುರು ಮಾಡಿದೆ. “ಒಳ್ಳೆ ಪಿಚರ್ ಎಲ್ಲಿ ಸಿಗ್ತಾನೆ ಭಾವ? ತಾವೇ ಬೆಳೆಸ್ತೇವೆ ಅಂದ್ರೆ ಹತ್ತು ಹುಡುಗರಲ್ಲಿ ಒಬ್ಬ ಉಳಿದ್ರೆ ಪುಣ್ಯ. ಇವ ವರ್ಷವರ್ಷವೂ ಪೂರ್ತಿ ಆಡಿದ್ದಾನೆ. ಇವ ಎಸೆದ ದಿನ ಉಳಿದ ಪಿಚರ್‌ಗಳಿಗೆ ರಜೆ. ಅದಕ್ಕೆ ಬೆಲೆ ಇಲ್ವಾ?”

“ಉಂಟು ಮಾರಾಯ, ಆಗಿ ಹೋದ ವರ್ಷಗಳಿಗೆ ಬೆಲೆ ಉಂಟು” ಎಂದರು ಭಾವ. “ಅದರ ದುಡ್ಡನ್ನು ಮುಂದಿನ ವರ್ಷಗಳಿಗೆ ಕೊಡೂದು ಎಂತಕ್ಕೆ? ಅವನ ಭುಜದ ಒಳಗಿನ ಪಟ್ಟಿ ಸವೆದದ್ದು ನೋಡಿದ್ಯಾ? ನಮ್ಮ ಅಜ್ಜನ ಲುಂಗಿಯ ಅಂಚಿನ ಹಾಗೆ ಉಂಟು.”

“ಈ ವಯಸ್ಸಿನ ಎಲ್ಲಾ ಪಿಚರ್‌ಗಳದ್ದೂ ಹಾಗೇ ಇರ್ತದೆ ಅಂತ ನೀವೇ ಹೇಳಿದ್ದು.”

“ಅದು ಬೇರೆ ದಿನ ಹೇಳಿದ್ದು. ಆ ದಿನ ನಾನು ಸ್ಟಿಯರಿಂಗ್ ಹಿಡಿದಿದ್ದೆ.” ಅವರಿಗೇ ನಗು ಬಂತು. ಆಮೇಲೆ ಮುಖ ಗಂಭೀರ ಮಾಡಿಕೊಂಡು, “ಮತ್ತೆ ಚೆಂಡು ಬಿಡುವ ಎತ್ತರ? ಸೆಪ್ಟೆಂಬರ್ ಬರುವಾಗ ಕೈ ಕೆಳಗೆ ಬಂದದ್ದು ನಿನಗೆ ಕಾಣಲಿಲ್ವಾ?” ಎಂದರು.

ಪ್ರತಿ ಎಸೆತವನ್ನೂ ಅಳೆಯುವ ಕ್ಯಾಮೆರಾಗಳು ಆಗಷ್ಟೇ ಮೈದಾನಗಳಿಗೆ ಬಂದಿದ್ದವು. ಪಿಚರ್ ದಣಿದರೆ, ಇಲ್ಲವೇ ಭುಜ ನೋಯುತ್ತಿದ್ದರೆ, ಚೆಂಡು ಬಿಡುವಾಗ ಕೈ ತಾನಾಗಿಯೇ ತಗ್ಗುತ್ತದೆ. ಇವನದು ತಗ್ಗಿತ್ತು. ನನಗೂ ಕಂಡಿತ್ತು. ಅಂದಿನ ನನ್ನ ಪಕ್ಷಕ್ಕೆ ಅದು ಬೇಡವಾದ ವಿಷಯ, ಆದ್ದರಿಂದ ಎತ್ತಿರಲಿಲ್ಲ.

ಎಲಿಜಬೆತ್ ಊರಿನ ತೈಲ ರಿಫೈನರಿಯ ವಾಸನೆ ಕಾರಿನೊಳಗೆ ಬರುವ ಹೊತ್ತಿಗೆ ಬಾಸ್ ಫೋನ್ ಬಂತು. ನಮ್ಮ ಬಾಸ್ ಮೈಸೂರಿನವರು, ಏಜೆನ್ಸಿಯ ಯಜಮಾನರು. ಆಫೀಸಿನಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಕನ್ನಡ ಬರುತ್ತಿದ್ದುದು ಅವರಿಗೊಬ್ಬರಿಗೇ. ನಾನು ಸ್ಪೀಕರ್ ಒತ್ತಿದೆ. ಭಾವ ವಾದದ ಮಧ್ಯದಲ್ಲಿದ್ದರು, ನಿಲ್ಲಿಸಲಿಲ್ಲ. “ಒಂದು ಡಾಲರಿಗೂ ಇವನನ್ನು ಇನ್ಶೂರ್ ಮಾಡ್ಲಿಕ್ಕೆ ಆಗೂದಿಲ್ಲ. ಬರೆದು ಇಟ್ಕೊ. ಇವನ ಭುಜ ಹೋಗ್ತದೆ, ಅದರ ಒಟ್ಟಿಗೆ ನಮ್ಮ ಆಫೀಸೂ ಹೋಗ್ತದೆ.”

“ಇಷ್ಟು ಬೆಳಿಗ್ಗೇನೇ ಇಷ್ಟು ಬಿಸೀನಾ ಡಾಕ್ಟರ್ ಸಾಹೇಬ್ರೇ?” ಎಂದರು ಬಾಸ್. ಭಾವನನ್ನು ಅವರು ತಮಾಷೆಗೆ ಹಾಗೆ ಕರೆಯುತ್ತಿದ್ದರು. ಬೇರೇನೋ ಕೇಳಬೇಕಿತ್ತು, ಕೇಳಿ ಫೋನ್ ಇಟ್ಟರು.

ಲಿಫ್ಟಿನಲ್ಲಿ ಅಂದು ಬೇರೆ ಆಫೀಸುಗಳವರು ತುಂಬಿದ್ದರು. ಜನರ ಮುಂದೆ ಫೈಲಿನ ಮಾತು ಆಡುವಂತಿರಲಿಲ್ಲ. ಭಾವ ನನ್ನ ಕಿವಿಯ ಹತ್ತಿರ, “ಸಂಜೆ ಹೇಳ್ತೇನೆ” ಎಂದರು.

ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಕುರ್ಚಿಯಲ್ಲಿ ಒರಗಿದರು. ಆಂಬುಲೆನ್ಸ್ ಬೇಗನೇ ಬಂತು. ಆಸ್ಪತ್ರೆಯೂ ದೂರವಿರಲಿಲ್ಲ. ಸಂಜೆಯೊಳಗೆ ಎಲ್ಲ ಮುಗಿದಿತ್ತು. ಅಕ್ಕನನ್ನು ಕರೆದುಕೊಂಡು ಬರಲು ಕೆಂಡಲ್ ಪಾರ್ಕ್‌ಗೆ ನಾನೊಬ್ಬನೇ ಕಾರು ಓಡಿಸಿಕೊಂಡು ಹೋದೆ. ಆ ದಾರಿಯ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ.

ಕ್ರಿಯೆಗಳು ಮುಗಿಯುವ ಮೊದಲು ಬಾಸ್ ಮನೆಗೆ ಬಂದರು. ಹೊರಡುವಾಗ ನನ್ನನ್ನು ಗ್ಯಾರೇಜಿನ ಹತ್ತಿರ ಕರೆದು, “ಆ ಪಿಚರ್ ಫೈಲ್‌ನ ನಾವು ಮಾಡ್ತಿಲ್ಲ. ತಂಡದ ಬ್ರೋಕರ್‌ಗೆ ಹೇಳಿಬಿಡ್ತೀನಿ. ನಿನ್ನ ಭಾವ ಹೇಳಿದ ಕೊನೆ ಮಾತು ಅದು. ನನ್ನ ಕಿವಿಯಾರೆ ಕೇಳಿದೀನಿ” ಎಂದರು.

ನನಗೆ ಆಗ ಅರ್ಥವಾದದ್ದು ಅರ್ಧ ಮಾತ್ರ. ಅವರು ಹೋದ ಮೇಲೆ ಗ್ಯಾರೇಜಿನಲ್ಲೇ ನಿಂತಿದ್ದಾಗ ಉಳಿದರ್ಧ ತಲೆಗೆ ಹತ್ತಿತು. ನಮ್ಮ ರೂಢಿ ಬಾಸ್‌ಗೆ ಗೊತ್ತಿರಲಿಲ್ಲ. ಅದು ಆಫೀಸಿನ ನಿಯಮವಲ್ಲ, ಕಾರಿನದು. ಅವರು ಕೇಳಿದ್ದು ಭಾವನ ಅಭಿಪ್ರಾಯವಲ್ಲ, ಪಕ್ಕದ ಸೀಟಿನ ವಾದ. ಸರದಿ ತಪ್ಪಿ ಭಾವನೇ ಕಾರು ಓಡಿಸಿದ್ದರೆ ಇಷ್ಟೇ ಜೋರಾಗಿ ಕೊಡಬೇಕು ಎನ್ನುತ್ತಿದ್ದರು.

ನಾನು ಮಾರನೇ ದಿನವೇ ಫೋನ್ ಮಾಡಿ ಇದನ್ನು ಹೇಳಿದೆ. ಬಾಸ್‌ಗೆ ಸಿಟ್ಟು ಬಂತು. “ಏನಪ್ಪಾ ಇದು? ಹೋದವರ ಮಾತನ್ನ ಸುಳ್ಳು ಅಂತೀಯಾ? ಆ ಮನುಷ್ಯ ಯಾವತ್ತಾದ್ರೂ ಬಾಯಿಗೆ ಬಂದಿದ್ದು ಮಾತಾಡಿದ್ದುಂಟಾ?”

“ಸುಳ್ಳಲ್ಲ ಸರ್. ಅದು ಅವರ ಪಾಲಿಗೆ ಬಂದ ವಾದ.”

“ಹಾಗಿದ್ರೆ ಅವರ ಒಪೀನಿಯನ್ ಏನಿತ್ತು? ಅದನ್ನ ಹೇಳು.”

“ಲಿಫ್ಟಿನಲ್ಲಿ ಜನ ಇದ್ರು ಸರ್. ಸಂಜೆ ಹೇಳ್ತೇನೆ ಅಂದಿದ್ರು” ಎಂದೆ.

ಸಮಸ್ಯೆ ಎಷ್ಟು ದೊಡ್ಡದೆಂದು ಕೆಲಸಕ್ಕೆ ಮರಳಿದ ಮೇಲೆ ತಿಳಿಯಿತು. ನಮ್ಮದು ಏಜೆನ್ಸಿ, ಹಿಂದೆ ನಿಂತು ಹಣ ಕೊಡುವುದು ಒಂದು ದೊಡ್ಡ ವಿಮಾ ಕಂಪನಿ. ಅದರ ಹೆಸರಿನಲ್ಲಿ ಸಹಿ ಹಾಕುವ ಅಧಿಕಾರ ನಮಗಿತ್ತು. ಆ ಚಳಿಗಾಲ ಕಂಪನಿಯೇ ನಡುಗುತ್ತಿತ್ತು. ದೊಡ್ಡ ಮೊತ್ತದ ಒಂದು ಪಾಲಿಸಿ ಕೆಟ್ಟರೂ ಅಧಿಕಾರ ವಾಪಸು ಎಂದು ತಿಳಿಸಿದ್ದರು. ಇನ್ನೊಂದು ಕಡೆ, ಹೊಸ ಕೆಲಸವೇ ಬರುತ್ತಿರಲಿಲ್ಲ. ಈ ಪಿಚರ್ ಬಿಟ್ಟರೆ ಬೇಸಿಗೆಯವರೆಗೆ ಆಫೀಸು ತೆರೆದಿಡುವುದು ಕಷ್ಟ ಎಂದು ಬಾಸ್ ಯಾರಿಗೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಪಾಲಿಸಿ ಬರೆದು ತಪ್ಪಿದರೂ ಬಾಗಿಲು ಮುಚ್ಚಬೇಕು, ಬರೆಯದಿದ್ದರೂ ಮುಚ್ಚಬೇಕು. ಅಕ್ಕನ ಮನೆಯ ಹೆಲ್ತ್ ಇನ್ಶೂರೆನ್ಸ್ ಸಹ ಆಫೀಸಿನದೇ; ಭಾವನ ನಂತರವೂ ಬಾಸ್ ಅದನ್ನು ನಿಲ್ಲಿಸಿರಲಿಲ್ಲ.

ತಂಡದ ಪರವಾಗಿ ವಿಮೆ ಹುಡುಕುತ್ತಿದ್ದ ಬ್ರೋಕರ್ ಇನ್ನೂ ಬೇರೆಯವರನ್ನು ಹಿಡಿದಿರಲಿಲ್ಲ. ಹೊಸ ವರ್ಷದೊಳಗೆ ಮನಸ್ಸು ಬದಲಾದರೆ ಹೇಳಿ, ಆಮೇಲೆ ಕೇಳಬೇಡಿ ಎಂದ.

ನಾನು ಮೊದಲಿನಿಂದ ಓದಲು ಕೂತೆ. ಈಗ ಭಾವನ ಭಾಗವನ್ನೂ ನಾನೇ ಓದಬೇಕಿತ್ತು. ಭುಜದ ಸ್ಕ್ಯಾನ್ ವರದಿಯ ಪದಗಳು ನನಗೆ ಅವರ ಬಾಯಿಂದ ಕೇಳಿ ಗೊತ್ತಿದ್ದವೇ ಹೊರತು ಓದಿ ಅಲ್ಲ. ಹಳೆಯ ಮೊಣಕೈ ಶಸ್ತ್ರಚಿಕಿತ್ಸೆ ಒಂದು. ಬೆನ್ನುನೋವಿಗೆ ಒಮ್ಮೆ ವಿಶ್ರಾಂತಿ. ಭುಜದಲ್ಲಿ ಸವೆತ, ಹರಿದಿಲ್ಲ. ಒಂದು ಮುಖ್ಯ ಅಳತೆಯೇ ಇರಲಿಲ್ಲ: ಎಸೆಯುವ ತೋಳು ಒಳಮುಖವಾಗಿ ಎಷ್ಟು ತಿರುಗುತ್ತದೆ, ಇನ್ನೊಂದು ತೋಳು ಎಷ್ಟು. ಎರಡರ ನಡುವೆ ಅಂತರ ಹೆಚ್ಚಾದರೆ ಭುಜ ಬಿಗಿಯುತ್ತಿದೆ ಎಂದರ್ಥ. ಭಾವ ಯಾವ ಫೈಲಿನಲ್ಲೂ ಮೊದಲು ಹುಡುಕುತ್ತಿದ್ದುದು ಅದನ್ನೇ. ತಂಡದ ವೈದ್ಯರ ಕಚೇರಿಗೆ ಬರೆದೆ. ಕ್ರಿಸ್‌ಮಸ್ ರಜೆ ಎಂದು ಯಂತ್ರ ಉತ್ತರಿಸಿತು. ಮತ್ತೆ ಮತ್ತೆ ಫೋನ್ ಮಾಡಿದೆ.

ಇತ್ತ ಚೆಂಡು ಬಿಡುವ ಎತ್ತರವನ್ನು ಆಟದಿಂದ ಆಟಕ್ಕೆ ಹೋಲಿಸಿ ನೋಡುತ್ತಾ ಹೋದೆ. ಸೆಪ್ಟೆಂಬರಿನಲ್ಲಿ ತಗ್ಗಿದ್ದು ನಿಜ. ಆದರೆ ಮಳೆಯಿಂದಲೋ ವೇಳಾಪಟ್ಟಿಯಿಂದಲೋ ಅವನಿಗೆ ಒಂದು ದಿನ ಹೆಚ್ಚು ಬಿಡುವು ಸಿಕ್ಕ ಆಟಗಳಲ್ಲಿ ಕೈ ಮತ್ತೆ ಮೇಲೆ ಬಂದಿತ್ತು. ದಣಿವಾದರೆ ವಿಶ್ರಾಂತಿಯಿಂದ ಹೋಗುತ್ತದೆ. ಗಾಯವಾದರೆ ಒಂದು ದಿನದ ಬಿಡುವಿಗೆ ಬಗ್ಗುವುದಿಲ್ಲ. ಹಾಗೆಂದು ನಾನು ಅಂದುಕೊಂಡೆ. ಎದುರು ಹೇಳಲು ಯಾರೂ ಇರಲಿಲ್ಲವಾದ್ದರಿಂದ ಅದು ಸರಿಯೆನಿಸತೊಡಗಿತು. ನನಗೆ ಭಯವಾದದ್ದು ಅದಕ್ಕೇ.

ಅಕ್ಕನನ್ನೂ ಕೇಳಿ ನೋಡಿದೆ. ಅವಳು ಅಡುಗೆಮನೆಯಲ್ಲಿ ಯಾರೋ ತಂದುಕೊಟ್ಟ ಪಾತ್ರೆಗಳನ್ನು ತೊಳೆದು ಒರೆಸುತ್ತಿದ್ದಳು. ಒಬ್ಬ ಪಿಚರ್ ಬಗ್ಗೆ ಭಾವ ಮನೆಯಲ್ಲಿ ಏನಾದರೂ ಅಂದಿದ್ದರಾ ಎಂದೆ.

“ಮನೆಯಲ್ಲಿ ಎಂತ ಹೇಳೂದು?” ಎಂದಳು. “ಮಾತೆಲ್ಲ ನೀವಿಬ್ರು ಕಾರಲ್ಲೇ ಮುಗಿಸಿ ಬರ್ತಿದ್ರಿ. ಮನೆಗೆ ಬಂದ್ರೆ ಅವರಿಗೆ ಟಿವಿ, ನಿನಗೆ ಬೇಸ್‌ಮೆಂಟ್.” ಪಾತ್ರೆ ಕೆಳಗಿಟ್ಟು, “ನನಗೂ ಒಂಚೂರು ಉಳಿಸ್ಬಹುದಿತ್ತು” ಎಂದಳು.

ನಾನು ಟವೆಲ್ ತೆಗೆದುಕೊಂಡು ಅವಳ ಜೊತೆ ಪಾತ್ರೆ ಒರೆಸಿದೆ.

ವರ್ಷದ ಕೊನೆಯ ವಾರ ಬಾಸ್ ನನ್ನನ್ನು ತಮ್ಮ ಕೋಣೆಗೆ ಕರೆದರು. ನಾನು ಬರೆದಿಟ್ಟ ಟಿಪ್ಪಣಿ ಅವರ ಮುಂದಿತ್ತು. “ನೀನು ಕೊಡಬೇಕು ಅಂತ ಬರೆದಿದೀಯ. ಅವರು ಬೇಡ ಅಂದಿದ್ರು. ನಾನು ಯಾರ ಮಾತು ಕೇಳ್ಲಿ?” ಎಂದರು.

“ಅವರು ಏನೂ ಅಂದಿರಲಿಲ್ಲ ಸರ್. ಅದೇ ತೊಂದರೆ.”

ಅವರು ಎದ್ದು ಕೋಟು ಹಾಕಿಕೊಂಡರು. “ನಡಿ. ಕಾರ್ ತೆಗಿ. ನಾನು ಪಕ್ಕದಲ್ಲಿ ಕೂತ್ಕೋತೀನಿ. ಅದೇನು ನಿಮ್ಮ ಪದ್ಧತಿ ನೋಡೇಬಿಡೋಣ.”

ಮಧ್ಯಾಹ್ನದ ಹೊತ್ತು, ಟರ್ನ್‌ಪೈಕ್ ಖಾಲಿಯಿತ್ತು. ದಕ್ಷಿಣಕ್ಕೆ ಹೊರಟೆವು. ವಾದಕ್ಕೆಂದು ಆ ಸೀಟಿನಲ್ಲಿ ಬೇರೊಬ್ಬರು ಕೂತದ್ದು ಅದೇ ಮೊದಲು. ನಾನು ಅತ್ತ ನೋಡದೆ ಓಡಿಸಿದೆ. ಬಾಸ್ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. “ಪಿಚರ್‌ಗಳ ಮೇಲೆ ಇಷ್ಟು ದುಡ್ಡು ಸುರಿಯೋದು ಹುಚ್ಚು. ಐದು ದಿನಕ್ಕೆ ಒಂದು ದಿನ ಕೆಲಸ. ಬ್ಯಾಟ್ ಹಿಡಿಯೋನು ದಿನಾ ಆಡ್ತಾನೆ.”

“ಆ ಒಂದು ದಿನ ಅವನ ಕೈಯಲ್ಲೇ ಆಟ ಇರ್ತದಲ್ಲ ಸರ್” ಎಂದೆ.

“ಹೌದು, ಅದೇನೋ ನಿಜ.”

“ನೀವು ಹೌದು ಅನ್ನಬಾರದು.”

“ಓಹೋ. ಸರಿ. ಭುಜ ಸವೆದಿದೆ.”

“ಹರಿದಿಲ್ಲ.”

“ಹರಿದಿಲ್ಲ, ಕರೆಕ್ಟು. ನಮ್ಮ ಭುಜ ಸ್ಕ್ಯಾನ್ ಮಾಡಿಸಿದ್ರೂ ಅಷ್ಟೇ ಸವೆದಿರತ್ತೆ...” ಎಂದು ಅವರೇ ನಿಲ್ಲಿಸಿದರು. ನೂವಾರ್ಕ್ ವಿಮಾನ ನಿಲ್ದಾಣದ ಹತ್ತಿರ ಮತ್ತೊಮ್ಮೆ ಪ್ರಯತ್ನಿಸಿದರು. ಕರಾರಿನ ಕೊನೆಯ ವರ್ಷಗಳಲ್ಲಿ ಅವನು ಮುದುಕನಾಗಿರುತ್ತಾನೆ ಎಂದರು. ನಾವು ಕೊಡುವುದು ಮೊದಲ ಮೂರು ವರ್ಷಕ್ಕೆ ಮಾತ್ರ ಎಂದು ನಾನು ನೆನಪಿಸಿದೆ. ಅವರು ಮತ್ತೆ ಹೌದು ಎಂದರು.

“ನಂಗಾಗಲ್ಲಪ್ಪಾ” ಎಂದರು ಕೊನೆಗೆ. “ನಂಬದೇ ಇರೋದನ್ನ ಅಷ್ಟು ಜೋರಾಗಿ ಹೇಳೋಕೆ ನಂಗೆ ಬರಲ್ಲ. ಅವರು ಹೇಗೆ ಹೇಳ್ತಿದ್ರೋ. ಫೋನಲ್ಲಿ ಕೇಳಿದಾಗ ನಿಜ ಅಂತಾನೇ ಅನ್ನಿಸ್ತು ಕಣಯ್ಯ” ಎಂದರು.

“ನನಗೂ ಯಾವಾಗಲೂ ಹಾಗೇ ಅನಿಸ್ತಿತ್ತು ಸರ್.”

ಮುಂದಿನ ಎಕ್ಸಿಟ್‌ನಲ್ಲಿ ಇಳಿದು ತಿರುಗಿಸಿದೆ. ಫೋರ್ಟ್ ಲೀಗೆ ಮರಳಿದೆವು. ಪಾರ್ಕಿಂಗ್‌ನಲ್ಲಿ ಬಾಸ್ ಹೇಳಿದರು: “ಅವರ ಮಾತು ಇಲ್ಲ ಅಂತ ಒಪ್ಕೊಂಡೆ. ಇನ್ನು ಉಳಿದಿದ್ದು ನಿನ್ನ ಮಾತು. ಅದರ ಮೇಲೆ ನಾನು ಸಹಿ ಹಾಕ್ತೀನಿ. ಹೇಳು.”

ಹೇಳುವುದು ಸುಲಭವಿರಲಿಲ್ಲ. ಕೊಡಬೇಕೆಂದು ಟಿಪ್ಪಣಿ ಬರೆದಿದ್ದೆ ನಿಜ, ಆದರೆ ತೋಳಿನ ಅಳತೆ ಇನ್ನೂ ಬಂದಿರಲಿಲ್ಲ. ಅದು ಬರುವವರೆಗೆ ಖಚಿತವಾಗಿ ಏನನ್ನೂ ಹೇಳುವುದಿಲ್ಲ ಎಂದೆ. ಮಾರನೇ ದಿನ ಬ್ರೋಕರ್‌ಗೆ ಅದನ್ನೇ ತಿಳಿಸಿದೆ. ಅವನು ಇಂಗ್ಲಿಷಿನಲ್ಲಿ ಬೈದ. ಇಷ್ಟು ದೊಡ್ಡ ಪಿಚರ್‌ನ ಮರ್ಯಾದೆ ಏನಾಗಬೇಕು, ಶಾಲೆಯ ಹುಡುಗನನ್ನು ಪರೀಕ್ಷೆ ಮಾಡಿದಂತಾಯಿತಲ್ಲ ಎಂದ. ಅಳತೆ ಇಲ್ಲದಿದ್ದರೆ ಭುಜವನ್ನು ವಿಮೆಯಿಂದ ಹೊರಗಿಡುತ್ತೇನೆ ಎಂದೆ. ಭುಜ ಹೊರಗಿಟ್ಟರೆ ಆ ವಿಮೆಗೆ ಅರ್ಥವೇ ಇಲ್ಲವೆಂದು ಅವನಿಗೂ ಗೊತ್ತಿತ್ತು. ಫೋನ್ ಕುಕ್ಕಿದ. ಬಾಸ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅವರ ಮುಖ ಬಿಳಿಚಿತ್ತು. ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಳತೆ ವರ್ಷದ ಕೊನೆಯ ದಿನ ಬಂತು. ಎರಡು ತೋಳುಗಳ ಅಂತರ ಇತ್ತು, ಆದರೆ ಭಾವ ಬೇರೆ ಫೈಲುಗಳಲ್ಲಿ ಒಪ್ಪಿದ್ದ ಮಿತಿಯ ಒಳಗೇ ಇತ್ತು. ನಾನು ಬರೆದುಕೊಟ್ಟ ಷರತ್ತುಗಳು ಹೀಗಿದ್ದವು. ಮೂರು ವರ್ಷಕ್ಕೆ ಮಾತ್ರ. ಭುಜ ಒಳಗೆ. ಶಸ್ತ್ರಚಿಕಿತ್ಸೆಯಾದ ಮೊಣಕೈ ಹೊರಗೆ. ಗಾಯವಾದ ಮೇಲೆ ನಮ್ಮ ಪಾವತಿ ಶುರುವಾಗುವ ಮೊದಲಿನ ಕಾಯುವ ಅವಧಿ ಮಾಮೂಲಿಗಿಂತ ಉದ್ದ. ಬ್ರೋಕರ್ ಮೊಣಕೈಗಾಗಿ ಕೊನೆಯವರೆಗೂ ಎಳೆದಾಡಿದ. ನಾನು ಬಿಡಲಿಲ್ಲ. ತಂಡ ಒಪ್ಪಿತು. ಬಾಸ್ ಸಹಿ ಹಾಕಿದರು. ಪೆನ್ನು ಮುಚ್ಚಿ, “ಹೋಗು, ಅಕ್ಕನ ಹತ್ತಿರ ಇರು” ಎಂದು ಕಳಿಸಿದರು.

ಮೊದಲ ಬೇಸಿಗೆ ಅವನು ಎಸೆದ ಪ್ರತಿ ಆಟವನ್ನೂ ನೋಡಿದೆ. ಮೊದಲು ನಾನು ಆಟ ನೋಡುತ್ತಿರಲಿಲ್ಲ. ನೋಡಿದರೆ ಕಾಗದದ ಮೇಲಿನ ತೀರ್ಪು ಕೆಡುತ್ತದೆ ಎಂದು ಭಾವ ಬಿಡುತ್ತಿರಲಿಲ್ಲ. ಜೂನಿನ ಒಂದು ಆಟದಲ್ಲಿ ಅವನು ಮಧ್ಯದಲ್ಲೇ ನಿಂತು, ತೋಳನ್ನು ಕೆಳಗೆ ಬಿಟ್ಟು ಅಲುಗಿಸಿದ. ತರಬೇತುದಾರ ಬಂದ. ಇಬ್ಬರೂ ಒಟ್ಟಿಗೆ ಒಳಗೆ ನಡೆದರು. ನನ್ನ ಫೋನ್ ರಿಂಗಾಯಿತು. ಬಾಸ್. “ನೋಡಿದ್ಯಾ?” ಎಂದರು. “ನೋಡಿದೆ ಸರ್.” ಆಮೇಲೆ ಇಬ್ಬರೂ ಫೋನ್ ಹಿಡಿದುಕೊಂಡೇ ಉಳಿದ ಆಟ ನೋಡಿದೆವು.

ಭುಜದ ನೋವು ಎಂದು ತಂಡ ತಿಳಿಸಿತು. ಕಾಯುವ ಅವಧಿ ಶುರುವಾಯಿತು. ಅದು ಮುಗಿಯುವುದರೊಳಗೆ ಅವನು ಮರಳದಿದ್ದರೆ ಹಣ ಕೊಡಬೇಕು. ಕೊಟ್ಟರೆ ದೊಡ್ಡ ಕಂಪನಿ ನಮ್ಮ ಅಧಿಕಾರ ಕಿತ್ತುಕೊಳ್ಳುತ್ತಿತ್ತು. ಬಾಸ್ ನನ್ನ ಮೇಜಿನ ಬಳಿ ಬಂದು ಹವಾಮಾನದ ಮಾತಾಡಿ ಹೋಗುತ್ತಿದ್ದರು. ಬೆಳಿಗ್ಗೆ ಕಾರಿನಲ್ಲಿ ನಾನು ಕೊಡಬಾರದಿತ್ತು ಎಂಬ ಪಕ್ಷ ಹಿಡಿದು ಗಟ್ಟಿಯಾಗಿ ವಾದಿಸಿ ನೋಡಿದೆ. ಭಾವ ಅಂದು ಆಡಿದ ಮಾತುಗಳೇ ಬಾಯಿಗೆ ಬಂದವು. ಓಡಿಸುವವನಿಗೆ ಆ ಪಕ್ಷವಿಲ್ಲ ಎಂದು ನೆನಪಾಗಿ ಸುಮ್ಮನಾದೆ.

ಅವಧಿ ಮುಗಿಯಲು ಕೆಲವೇ ದಿನ ಉಳಿದಿದ್ದಾಗ ಅವನು ಮರಳಿ ಎಸೆದ. ಕೈ ಮೇಲಿತ್ತು.

ಮೂರು ವರ್ಷ ನಾವು ಏನೂ ಕೊಡಬೇಕಾಗಿ ಬರಲಿಲ್ಲ. ಆಫೀಸು ಉಳಿಯಿತು. ಉಳಿದ ವರ್ಷಗಳಿಗೆ ವಿಮೆ ಮುಂದುವರಿಸಲು ತಂಡ ಕೇಳಿದಾಗ ಹೊಸ ಅಳತೆಗಳನ್ನು ನೋಡಿ ನಾನು ಬೇಡವೆಂದೆ. ಮುಂದಿನ ವರ್ಷ ಅವನ ಭುಜ ಹರಿಯಿತು. ಆಮೇಲೆ ಅವನು ಆಡಿದ್ದು ಕಡಿಮೆ, ತಂಡ ಕೊಟ್ಟದ್ದು ಪೂರ್ತಿ. ಮೊದಲ ಮೂರು ವರ್ಷದ ಗೆಲುವುಗಳಿಗೆ ಆ ಬೆಲೆ ಸಲ್ಲುತ್ತದೆ ಎನ್ನುವವರಿದ್ದಾರೆ, ಇಷ್ಟು ದುಡ್ಡಿಗೆ ಮೂರು ಹೊಸ ಹುಡುಗರನ್ನು ಬೆಳೆಸಬಹುದಿತ್ತು ಎನ್ನುವವರೂ ಇದ್ದಾರೆ. ನಾನು ಕೇಳಿದವರಿಗೆಲ್ಲ ಎರಡೂ ವಾದವನ್ನು ಹೇಳಬಲ್ಲೆ. ನನ್ನದು ಯಾವುದೆಂದೂ ಹೇಳಬಲ್ಲೆ: ಕೊಡಲಿ, ಆದರೆ ಮೂರು ವರ್ಷಕ್ಕಿಂತ ಹೆಚ್ಚು ಬೇಡ.

ಭಾವನ ಅಭಿಪ್ರಾಯ ಏನಿತ್ತು ಎಂದು ನನಗೆ ಗೊತ್ತಿಲ್ಲ.